ಅರ್ಜಿಯಲ್ಲಿ ಇಲ್ಲದ ಹೆಸರು

ವೇಲ್ಸಿಗೆ ಹೋಗುವ ಮೊದಲು ಜುಮಾನಾ ಏಳು ಶನಿವಾರ ಮಣಿಪಾಲಕ್ಕೆ ಹೋಗಬೇಕಿತ್ತು. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ಬಿಡುವ ಗಂಟೆ ಬಾರಿಸಿದ ಕೂಡಲೇ ಕಾಪುವಿನ ಹೆದ್ದಾರಿಗೆ ಬಂದು ಉಡುಪಿ ಬಸ್ಸು ಹಿಡಿಯುವುದು, ಅಲ್ಲಿ ಇಳಿದು ಮಣಿಪಾಲದ ಬಸ್ಸಿಗೆ ಓಡುವುದು, ಸೀಟು ಸಿಕ್ಕಿದರೆ ಕೂತಲ್ಲೇ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿನ್ನುವುದು. ಎರಡೂವರೆಗೆ ತರಬೇತಿ ಶುರು.

ಬೆಂಗಳೂರಿನ ಒಂದು ಶಿಕ್ಷಣ ಟ್ರಸ್ಟ್ ಕರಾವಳಿಯ ಸರಕಾರಿ ಪ್ರಾಥಮಿಕ ಶಾಲೆಗಳಿಂದ ಐದು ಮಂದಿ ಶಿಕ್ಷಕರನ್ನು ಆರಿಸಿತ್ತು. ಫೆಬ್ರವರಿಯಲ್ಲಿ ಹನ್ನೆರಡು ದಿನ ಬ್ರಿಟನ್ನಿನ ವೇಲ್ಸ್ ನಾಡಿನ ಶಾಲೆಗಳನ್ನು ನೋಡಿ ಬರುವ ಅವಕಾಶ. ಅಲ್ಲಿಯೂ ಎಷ್ಟೋ ಮಕ್ಕಳಿಗೆ ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ. ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವವರು ಅದನ್ನು ನೋಡಬೇಕು ಎಂಬುದು ಟ್ರಸ್ಟಿನವರ ಲೆಕ್ಕಾಚಾರ. ಹದಿನೆಂಟು ವರ್ಷ ಒಂದರಿಂದ ಮೂರನೆಯ ತರಗತಿಯ ಮಕ್ಕಳ ನಡುವೆಯೇ ಇದ್ದ ಜುಮಾನಾಗೆ ಪಾಸ್‌ಪೋರ್ಟ್ ಕೂಡ ಇರಲಿಲ್ಲ. ಗಂಡ ಶಮೀರ್ ಒಂಬತ್ತು ವರ್ಷ ಸೌದಿಯ ದಮ್ಮಾಮಿನಲ್ಲಿದ್ದು ಬಂದವನು, ಈಗ ಕಾಪು ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದಾನೆ. "ಈ ಮನೆಯಿಂದ ವಿಮಾನ ಹತ್ತುವುದು ನಾನೊಬ್ಬನೇ ಅಂತ ತಿಳಿದಿದ್ದೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ತರಬೇತಿ ಕೊಡುತ್ತಿದ್ದವರು ವಿಲ್ಮಾ ಮೇಡಂ. ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಅವರು ಪ್ರಶ್ನೆ ಕೇಳುವ ಮೊದಲು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಉತ್ತರ ಬರುವ ತನಕ ಅದು ಅಲ್ಲೇ.

ಮೂರನೆಯ ಶನಿವಾರ, ವೇಲ್ಸಿನ ಶಿಕ್ಷಕರ ಎದುರು ಹೇಳಬೇಕಾದ್ದನ್ನು ಒಬ್ಬೊಬ್ಬರೂ ಹೇಳಿ ತೋರಿಸಬೇಕಿತ್ತು. ಕೊನೆಯ ದಿನ ಅಲ್ಲಿ ದೊಡ್ಡ ಸಭೆ. ಮಾತಾಡಲು ಐವರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಅದು ಜುಮಾನಾಗೇ ಸಿಗುತ್ತದೆಂದು ಹೆಚ್ಚುಕಡಿಮೆ ನಿರ್ಧಾರವಾಗಿತ್ತು. ಅವಳ ಅರ್ಜಿ ಎಲ್ಲರಿಗೂ ಅಷ್ಟು ಹಿಡಿಸಿತ್ತು. ಅವಳು ನಿಂತು, ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೋರಿಸುತ್ತಾ ತನ್ನ ಶಾಲೆಯ 'ಪದಗೋಡೆ'ಯ ಕತೆ ಹೇಳಿದಳು. ಒಂದನೆಯ ತರಗತಿಗೆ ಸೇರಿ ಎಂಟು ತಿಂಗಳು ಬಾಯಿಯನ್ನೇ ತೆರೆಯದ ಒಬ್ಬಳು ಹುಡುಗಿ. ಅವಳ ಮೌನಕ್ಕೆ ಕಾರಣ ಭಾಷೆಯೆಂದು ತಾನು ಗುರುತಿಸಿದ್ದು. ಮಕ್ಕಳ ಮನೆಮಾತಿನ ಪದಗಳನ್ನು ಕನ್ನಡದ ಪಕ್ಕದಲ್ಲಿ ಗೋಡೆಯ ಮೇಲೆ ಬರೆಸಿದ್ದು. ಬೆಕ್ಕು, ಪುಚ್ಚೆ, ಪೂಚೆ, ಮಾಜರ್ ಎಂದು ಒಂದೇ ಪ್ರಾಣಿಗೆ ನಾಲ್ಕು ಹೆಸರು ಸೇರಿದ್ದು. ಆ ಹುಡುಗಿ ಈಗ ಮೂರನೆಯ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓದುವುದು.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಕಳದಿಂದ ಬರುತ್ತಿದ್ದ ಬೆಂಜಮಿನ್ ಮಾಸ್ಟ್ರು, "ಇದನ್ನು ನಮ್ಮ ಶಾಲೆಯಲ್ಲೂ ಮಾಡ್ತೇನೆ ಟೀಚರ್" ಎಂದು ಅಲ್ಲೇ ಬರೆದುಕೊಂಡರು.

ವಿಲ್ಮಾ ಮೇಡಂ ಕನ್ನಡಕ ತೆಗೆದರು. "ಆ ಮಗು ಮೊದಲ ಸಲ ಮಾತಾಡಿದ್ದು ಯಾರ ಹತ್ತಿರ?"

ಅವರಿಗೆ ಏನೂ ಗೊತ್ತಿರಲಿಲ್ಲ. ಕತೆ ಕೇಳಿದ ಯಾರಿಗಾದರೂ ಬರುವ ಪ್ರಶ್ನೆ ಅದು.

"ನನ್ನ ಹತ್ತಿರ" ಎಂದಳು ಜುಮಾನಾ.

"ಎಂತ ಹೇಳಿದಳು?"

"ತಾರಾಯಿ ಅಂತ. ತೆಂಗಿನಕಾಯಿಗೆ ತುಳುವಿನಲ್ಲಿ ಹೇಳುವುದು."

ಮೇಡಂ ತಲೆಯಾಡಿಸಿ ಕನ್ನಡಕ ಹಾಕಿಕೊಂಡರು. ಜುಮಾನಾ ತನ್ನ ಜಾಗಕ್ಕೆ ಹೋಗಿ ಕೂತಳು. ಆಮೇಲೆ ಬೆಂಜಮಿನ್ ಮಾಸ್ಟ್ರು ಎಂತ ಹೇಳಿದರೆಂದು ಅವಳ ತಲೆಗೆ ಹೋಗಲೇ ಇಲ್ಲ. ಅರ್ಜಿ ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಅಂತ ಅವಳಿಗೆ ಅನಿಸಿರಲಿಲ್ಲ. 'ನೀವು ಮಾಡಿದ ಹೊಸ ಪ್ರಯೋಗವನ್ನು ಇನ್ನೂರು ಪದಗಳಲ್ಲಿ ವಿವರಿಸಿ' ಎಂದು ಕೇಳಿದ್ದರು. ಇನ್ನೂರು ಪದಗಳಲ್ಲಿ ಎಷ್ಟು ಜನರನ್ನು ಹಿಡಿಸಲಾದೀತು ಎಂದುಕೊಂಡು 'ನಾನು' ಎಂದು ಶುರುಮಾಡಿದ್ದಳು. ಈಗ ಮಾತ್ರ, ಒಬ್ಬರು ಮುಖ ನೋಡಿ ಕೇಳಿದ ಪ್ರಶ್ನೆಗೆ, ಇಲ್ಲದ್ದನ್ನು ಬಾಯಿಬಿಟ್ಟು ಹೇಳಿದ್ದಳು.

ನಡೆದದ್ದು ಬೇರೆ.

ಸನ್ನಿಧಿ ಎಂಬ ಆ ಹುಡುಗಿ ಮಲ್ಪೆಯಲ್ಲಿ ಬೋಟಿಗೆ ಹೋಗುವ ವಾಸುವಿನ ಮಗಳು. ಮನೆ ಶಾಲೆಯಿಂದ ಕೂಗಳತೆಯಲ್ಲಿ, ಕಡಲ ಬದಿಗೆ. ಜೂನಿನಲ್ಲಿ ಬಂದು ಕೂತವಳು ಜನವರಿಯ ತನಕ ತರಗತಿಯಲ್ಲಿ ಒಂದು ಮಾತೂ ಆಡಲಿಲ್ಲ. ಹೆಸರು ಕರೆದರೆ ನೋಡುತ್ತಿದ್ದಳು, ಕೆಲವು ಸಲ ನೋಡುತ್ತಲೂ ಇರಲಿಲ್ಲ. ಜುಮಾನಾಗೆ ತುಳು ಬರುತ್ತದೆ; ಮೀನು ತರುವುದು, ಬಸ್ಸಿನಲ್ಲಿ ಚಿಲ್ಲರೆ ಕೇಳುವುದು ಎಲ್ಲ ತುಳುವಿನಲ್ಲೇ. ಆದರೆ ತರಗತಿಯ ಹೊಸ್ತಿಲು ದಾಟಿದ ಮೇಲೆ ಕನ್ನಡ ಮಾತ್ರ ಎಂಬುದು ಅವಳ ನಿಯಮ. ತಾನೂ ಬ್ಯಾರಿ ಬಿಟ್ಟರೆ ಬೇರೇನೂ ತಿಳಿಯದೆ ಶಾಲೆಗೆ ಬಂದು, ಹೊಡೆತ ತಿಂದು ಕನ್ನಡ ಕಲಿತವಳು. ಹೊಡೆತವಿಲ್ಲದೆ ಅದನ್ನೇ ಕಲಿಸುತ್ತಿದ್ದೇನೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಸನ್ನಿಧಿಯ ವಿಷಯದಲ್ಲಿ ಅವಳಿಗೆ ತೋಚಿದ್ದು ಒಂದೇ. ಮಗುವಿಗೆ ಕಿವಿ ಕೇಳಿಸುವುದಿಲ್ಲವೋ ಏನೋ, ಉಡುಪಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದು ಮನೆಗೆ ಕಳಿಸಿದಳು. ಪರೀಕ್ಷೆಯಲ್ಲಿ ಕಿವಿ ಸರಿಯಾಗಿಯೇ ಇದೆ ಎಂದು ಬಂತು. ಅದಾದ ಮೇಲೂ ಅವಳಿಗೆ ಬೇರೇನೂ ಹೊಳೆಯಲಿಲ್ಲ.

ಬಿಸಿಯೂಟ ಮಾಡುವ ಅಮ್ಮಣ್ಣಿಗೆ ಹೊಳೆದಿತ್ತು. ಒಂದು ದಿನ ಹಾಜರಿಯ ಲೆಕ್ಕ ಹೇಳಲು ಅಡುಗೆಕೋಣೆಯ ಹತ್ತಿರ ಹೋದ ಜುಮಾನಾ ಬಾಗಿಲಾಚೆಯೇ ನಿಂತುಬಿಟ್ಟಳು. ಒಳಗೆ ಅಮ್ಮಣ್ಣಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು, ಎದುರಿಗೆ ಸನ್ನಿಧಿ. "ಉಂದು ದಾದ?" ಇದು ಏನು ಎಂದು ಕಾಯಿ ತೋರಿಸಿ ತುಳುವಿನಲ್ಲಿ ಕೇಳಿದಳು ಅಮ್ಮಣ್ಣಿ. "ತಾರಾಯಿ" ಎಂದಳು ಹುಡುಗಿ. "ಟೀಚರ್ ಇದನ್ನು ತೆಂಗಿನಕಾಯಿ ಅಂತಾರೆ. ಟೀಚರ್ ಕೇಳಿದರೆ ಹಾಗೆ ಹೇಳಬೇಕು. ನನ್ನ ಹತ್ತಿರ ತಾರಾಯಿ ಅಂದರೆ ಸಾಕು." ಹುಡುಗಿ ನಕ್ಕಳು. ಆಮೇಲೆ ಅಪ್ಪನ ಬೋಟಿನಲ್ಲಿ ಆಮೆಯೊಂದು ಬಲೆಗೆ ಬಿದ್ದ ಕತೆಯನ್ನು ಉಸಿರು ತೆಗೆದುಕೊಳ್ಳದೆ ತುಳುವಿನಲ್ಲಿ ಹೇಳತೊಡಗಿದಳು. ಅವಳು ಅಮ್ಮಣ್ಣಿಯ ಹತ್ತಿರ ದೀಪಾವಳಿಯಿಂದಲೇ ಮಾತಾಡುತ್ತಿದ್ದಳಂತೆ. ಅಡುಗೆಕೋಣೆಯ ಹೊರಗೋಡೆಯ ಮೇಲೆ ಮಕ್ಕಳು ಹೇಳಿದ ಪದಗಳನ್ನು ಇದ್ದಿಲಿನಲ್ಲಿ ಬರೆಯಲು ಶುರುಮಾಡಿದ್ದೂ ಅಮ್ಮಣ್ಣಿಯೇ. ಜುಮಾನಾ ಮಾಡಿದ್ದೆಂದರೆ ಆ ಗೋಡೆಗೆ ಸುಣ್ಣ ಹೊಡೆಸಿ, ಗೆರೆ ಹಾಕಿ, ಅಂದದ ಅಕ್ಷರದಲ್ಲಿ ಮತ್ತೆ ಬರೆದು, ತನ್ನ ತರಗತಿಯನ್ನು ಅಲ್ಲಿಗೆ ಕರೆತಂದದ್ದು.

ಅದೂ ಸಣ್ಣ ಕೆಲಸವಲ್ಲ. ಮಣಿಪಾಲದಿಂದ ಬಂದ ಆ ಶನಿವಾರ ಸಂಜೆ ಶಮೀರ್ ಹೇಳಿದ್ದೂ ಅದನ್ನೇ. "ಗೋಡೆ ಮಾಡಿದ್ದು ನೀನೇ ಅಲ್ವಾ? ಅವರು ಕೇಳಿದ್ದು ಶಿಕ್ಷಕರ ಪ್ರಯೋಗ. ಅಡುಗೆಯವರನ್ನು ವಿಮಾನ ಹತ್ತಿಸುತ್ತಾರಾ?"

"ಹತ್ತಿಸುವುದಿಲ್ಲ."

"ಮತ್ತೆ?"

"ಮತ್ತೆ ಎಂತ ಅಂತ ನನಗೂ ಗೊತ್ತಿಲ್ಲ. ಮೇಡಂ ಕೇಳಿದಾಗ ಅಮ್ಮಣ್ಣಿಯ ಹೆಸರು ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ."

ಶಮೀರ್ ಆಮೇಲೆ ವಾದಿಸಲಿಲ್ಲ. ಅವನು ಹೀಗೆ ಸುಮ್ಮನಾದರೆ ಒಪ್ಪಿದ ಹಾಗೆ ಎಂದು ಹದಿನೈದು ವರ್ಷದಲ್ಲಿ ಅವಳು ಕಲಿತಿದ್ದಳು.

ಸೋಮವಾರ ಊಟದ ಗಲಾಟೆ ಮುಗಿದ ಮೇಲೆ ಜುಮಾನಾ ಅಡುಗೆಕೋಣೆಗೆ ಹೋದಳು. ಅಮ್ಮಣ್ಣಿ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಹಾಕಿ ತಿಕ್ಕುತ್ತಿದ್ದಳು. ವಯಸ್ಸು ಐವತ್ತು ದಾಟಿತ್ತು. ತಮ್ಮಂದಿರಿಬ್ಬರೂ ಮೀನುಗಾರರು, ಅವಳೂ ಹಿಂದೆ ಬುಟ್ಟಿ ಹೊತ್ತು ಮೀನು ಮಾರಿದವಳು. ಜುಮಾನಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಇಬ್ಬರ ನಡುವಿನ ಮಾತು ಎಂದಿನಂತೆ ತುಳುವಿನಲ್ಲೇ.

ಅಮ್ಮಣ್ಣಿಗೆ ಸಿಟ್ಟು ಬರಲಿಲ್ಲ, ಗಾಬರಿಯಾಯಿತು. "ನನ್ನ ಹೆಸರು ಎಲ್ಲಿಯೂ ಬರೆಯಬೇಡಿ ಟೀಚರ್. ಒಲೆ ಬಿಟ್ಟು ಮಕ್ಕಳ ಜೊತೆ ಪಟ್ಟಾಂಗ ಹೊಡೀತಾಳೆ ಅಂತ ಯಾರಾದರೂ ಮೇಲೆ ಹೇಳಿದರೆ ನನ್ನ ಕೆಲಸ ಹೋಗ್ತದೆ."

"ಹಾಗೆ ಆಗುವುದಿಲ್ಲ. ಹರಿಣಾಕ್ಷಿ ಮೇಡಂ ಹತ್ತಿರ ನಾನೇ ಮಾತಾಡ್ತೇನೆ." ಹರಿಣಾಕ್ಷಿ ಎಂದರೆ ಮುಖ್ಯೋಪಾಧ್ಯಾಯಿನಿ.

"ನೀವು ಬರೆದದ್ದರಲ್ಲಿ ತಪ್ಪೇನುಂಟು? ಹೋಗಿ ಬನ್ನಿ."

"ಅಮ್ಮಣ್ಣಿಯಕ್ಕ, ಆ ಮಗುವಿನ ಹತ್ತಿರ ತುಳುವಿನಲ್ಲಿ ಮಾತಾಡಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅಮ್ಮಣ್ಣಿ ಪಾತ್ರೆಯಿಂದ ಹೊರಬಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಾನು ಇದೇ ಶಾಲೆಯಲ್ಲಿ ಎರಡು ವರ್ಷ ಕೂತಿದ್ದೆ. ಈಗ ನಿಮ್ಮ ಮೇಜು ಉಂಟಲ್ಲ, ಅದರ ಎಡಬದಿಗೆ. ಮಾಸ್ಟ್ರು ಏನು ಕೇಳ್ತಾರೆ ಅಂತ ತಿಳೀತಿರಲಿಲ್ಲ. ಹೊರಗೆ ಹೋಗಬೇಕು ಅಂತ ಹೇಳುವುದಕ್ಕೆ ಕನ್ನಡದಲ್ಲಿ ಬಾರದೆ ಒಂದು ದಿನ ಕೂತಲ್ಲೇ ಒದ್ದೆ ಮಾಡಿಕೊಂಡೆ. ಮರುದಿನದಿಂದ ಬರಲಿಲ್ಲ. ಅಕ್ಷರ ಕಲಿತದ್ದು ಎಷ್ಟೋ ವರ್ಷ ಆದ ಮೇಲೆ, ತಮ್ಮಂದಿರ ಪುಸ್ತಕ ನೋಡಿ. ಈ ಹುಡುಗಿ ಕೂತುಕೊಳ್ಳುವ ರೀತಿ ನೋಡಿದೆ, ಗೊತ್ತಾಯ್ತು. ಅದಕ್ಕೆಂತ ವಿದ್ಯೆ ಬೇಕು?"

ಹೇಳಿ ಮುಗಿಸಿ ಮತ್ತೆ ಪಾತ್ರೆಯೊಳಗೆ ಬಗ್ಗಿದಳು. ಜುಮಾನಾ ಪಕ್ಕದಲ್ಲಿದ್ದ ಸೌಟುಗಳನ್ನು ಒಂದೊಂದಾಗಿ ತೊಳೆದಿಟ್ಟಳು.

ಹರಿಣಾಕ್ಷಿ ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು. ಅಡುಗೆಯವರು ಪಾಠ ಮಾಡಿದ್ದಾರೆಂದು ಬರೆದರೆ ಶಾಲೆಯಲ್ಲಿ ಶಿಕ್ಷಕರು ಎಂತ ಮಾಡುತ್ತಿದ್ದರು ಎಂದು ಕೇಳುವುದಿಲ್ಲವೇ ಎಂಬುದು ಅವರ ಭಯ. ಎರಡು ದಿನ ಯೋಚಿಸಿ, ಮೂರನೆಯ ದಿನ ಅವರೇ ಕರೆದು ಹೇಳಿದರು: "ಬರೆಯಿರಿ. ಅಡುಗೆ ಕೆಲಸಕ್ಕೆ ಒಂದು ದಿನವೂ ತೊಂದರೆಯಾಗಿಲ್ಲ ಅಂತ ನಾನು ಕೆಳಗೆ ಸಹಿ ಹಾಕ್ತೇನೆ. ಅಮ್ಮಣ್ಣಿಗೆ ತೊಂದರೆ ಆಗಬಾರದು, ಅಷ್ಟೇ." ಸಹಿ ಹಾಕಲಿದ್ದ ಆ ಸಾಲುಗಳನ್ನು ಮೊದಲೇ ಬರೆದು ಅಮ್ಮಣ್ಣಿಗೆ ಓದಿ ಹೇಳಿದರು. ಅವಳು ಎರಡು ಸಲ ಓದಿಸಿಕೊಂಡು, ಆಗಲಿ ಎಂದಳು.

ಟ್ರಸ್ಟಿಗೆ ಬರೆದದ್ದು ಒಂದೂವರೆ ಪುಟ. ಪದಗೋಡೆಯನ್ನು ಶುರುಮಾಡಿದ್ದು ಯಾರು, ಮಗು ಮೊದಲು ಮಾತಾಡಿದ್ದು ಯಾರ ಹತ್ತಿರ, ತಾನು ಮಾಡಿದ್ದೇನು ಎಂದು ಬಿಡಿಸಿ ಹೇಳಿದಳು. ಕಿವಿ ಪರೀಕ್ಷೆಯ ಚೀಟಿಯ ವಿಷಯಕ್ಕೆ ಬಂದಾಗ ಕೈ ನಿಂತಿತು. ಅದನ್ನು ಬರೆಯುವ ಮೊದಲು ವಾಸುವಿನ ಮನೆಗೆ ಹೋಗಬೇಕು ಅನಿಸಿತು. ಮಗಳ ಕತೆಯನ್ನು ಊರೂರು ಹೇಳಲು ಹೊರಟವಳು ಆ ಮನೆಯವರನ್ನು ಒಂದು ಮಾತು ಕೇಳಿರಲಿಲ್ಲ.

ಭಾನುವಾರ ವಾಸು ಮನೆಯಲ್ಲಿದ್ದ. ಅಂಗಳದಲ್ಲಿ ನೀಲಿ ಬಲೆ ಹರಡಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದ. ಟೀಚರನ್ನು ನೋಡಿ ಗಡಬಡಿಸಿ ಎದ್ದ. ಒಳಗಿನಿಂದ ಕುರ್ಚಿ ಬಂತು, ಅವನ ಹೆಂಡತಿ ಶರಬತ್ತು ತಂದಳು. ಸನ್ನಿಧಿ ಒಮ್ಮೆ ಇಣುಕಿ, ಟೀಚರ್ ಮನೆಗೇ ಬಂದರಲ್ಲ ಎಂದು ನಾಚಿ, ನೆರೆಮನೆಗೆ ಓಡಿದಳು.

ಜುಮಾನಾ ವಿಷಯ ಹೇಳಿದಳು. "ಅವಳ ಕತೆಯನ್ನು ನಾನು ಹೇಳಬಹುದಾ ಅಂತ ಕೇಳಲು ಬಂದೆ. ಇನ್ನೊಂದು, ಆ ಚೀಟಿ ಬರೆದದ್ದು ನನ್ನ ತಪ್ಪು. ಮೊದಲು ನಿಮ್ಮನ್ನು ಕರೆಸಿ, ಮನೆಯಲ್ಲಿ ಮಾತಾಡ್ತಾಳಾ ಅಂತ ಒಂದು ಮಾತು ಕೇಳಬೇಕಿತ್ತು."

ವಾಸು ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಮನೆಯಲ್ಲಿ ಬಾಯಿ ಮುಚ್ಚುತ್ತಲೇ ಇರಲಿಲ್ಲ" ಎಂದ ವಾಸು. "ಆದರೆ ಟೀಚರ್ ಬರೆದಿದ್ದಾರೆ ಅಂದರೆ ಏನೋ ಇರಬೇಕು ಅಂತ ನಮಗೆ. ಕಲಿತವರು ಅಲ್ವಾ. ಆಸ್ಪತ್ರೆಯವರು ತಾರೀಕು ಕೊಟ್ಟದ್ದು ನಾಲ್ಕು ದಿನ ಬಿಟ್ಟು. ಆ ನಾಲ್ಕು ದಿನ ನಾವಿಬ್ಬರೂ ಅವಳ ಹಿಂದೆ ನಿಂತು ಬಟ್ಟಲು ಬಡಿದು ನೋಡುವುದು. ತಿರುಗಿದರೆ, ಓ, ಕೇಳಿಸ್ತದೆ ಅಂತ. ಒಂದೊಂದು ಸಲ ಆಟದಲ್ಲಿ ತಿರುಗುತ್ತಿರಲಿಲ್ಲ. ಆಗ ಇವಳು ಅಡುಗೆಮನೆಗೆ ಹೋಗಿ ಅಳುವುದು. ಮೂರನೆಯ ದಿನಕ್ಕೆ ಮಗಳಿಗೆ ಅದೊಂದು ಆಟ ಅಂತಾಯ್ತು. ಅವಳೇ ಬಟ್ಟಲು ತಂದು ಕೊಟ್ಟು, ಅಪ್ಪ, ಬಡಿ ಅನ್ನುವುದು."

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಜುಮಾನಾಗೆ ಸುಲಭವಾಗುತ್ತಿತ್ತು. ಅವಳು ಆ ಪರೀಕ್ಷೆಯ ವರದಿಯನ್ನು ಕಡತದಲ್ಲಿಟ್ಟು, 'ಶ್ರವಣ ದೋಷವಿಲ್ಲ' ಎಂದು ದಾಖಲೆಯಲ್ಲಿ ಬರೆದು, ಮುಂದಿನ ಪಾಠಕ್ಕೆ ಹೋಗಿದ್ದಳು. ನಾಲ್ಕು ದಿನ ಒಂದು ಮನೆಯಲ್ಲಿ ಏನು ನಡೆಯಿತೆಂದು ಈಗ ತಿಳಿಯಿತು.

"ಕತೆ ಹೇಳಿ ಟೀಚರ್" ಎಂದಳು ವಾಸುವಿನ ಹೆಂಡತಿ. "ಆದರೆ ನಮ್ಮ ಮಗಳಿಗೆ ಮಾತು ಬರುತ್ತಿರಲಿಲ್ಲ ಅಂತ ಹೇಳಬೇಡಿ. ಬರುತ್ತಿತ್ತು."

ಅಂದೇ ಕೂತು ಜುಮಾನಾ ಕಾಗದ ಮುಗಿಸಿದಳು. ಆ ಹೆಂಗಸು ಹೇಳಿದ ವಾಕ್ಯವನ್ನು ಹಾಗೆಯೇ ಬರೆದಳು.

ಟ್ರಸ್ಟಿನಿಂದ ಒಂಬತ್ತು ದಿನ ಏನೂ ಬರಲಿಲ್ಲ. ಶಮೀರ್ ಪ್ರಯಾಣಕ್ಕೆ ಪೆಟ್ಟಿಗೆ ಕೊಳ್ಳುವ ವಿಷಯ ಎತ್ತುವುದನ್ನು ನಿಲ್ಲಿಸಿದ. ಶನಿವಾರದ ತರಬೇತಿಗೆ ಹೋಗಬೇಕೋ ಬೇಡವೋ ಎಂದು ತಿಳಿಯದೆ ಅವಳು ಹೋದಳು. ಎಲ್ಲರ ಎದುರು ನಿಂತು, ಮೂರನೆಯ ಶನಿವಾರ ತಾನು ಹೇಳಿದ್ದು ಸರಿಯಲ್ಲವೆಂದು ನಡೆದದ್ದನ್ನು ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವಿಲ್ಮಾ ಮೇಡಂ ತಮ್ಮ ಪಕ್ಕದ ಕುರ್ಚಿಯಿಂದ ಚೀಲ ತೆಗೆದು ಅವಳಿಗೆ ಜಾಗ ಮಾಡಿಕೊಟ್ಟರು.

ಹತ್ತನೆಯ ದಿನ ಫೋನು ಬಂತು. ಆಯ್ಕೆ ರದ್ದಾಗಿಲ್ಲ, ಹೋಗಬಹುದು. ಆದರೆ ಅರ್ಜಿಯಲ್ಲಿದ್ದದ್ದು ಪೂರ್ತಿ ನಿಜವಲ್ಲವಾದ್ದರಿಂದ ಕೊನೆಯ ದಿನದ ಸಭೆಯಲ್ಲಿ ಮಾತಾಡುವ ಅವಕಾಶ ಬೆಂಜಮಿನ್ ಅವರಿಗೆ. ಫೋನಿನಲ್ಲಿದ್ದ ಹೆಂಗಸು ಮೆದುವಾಗಿಯೇ ಹೇಳಿದಳು. "ಸರಿ" ಎಂದಳು ಜುಮಾನಾ. ಫೋನಿಟ್ಟ ಮೇಲೆ ಸಂಕಟವಾಯಿತು. ಆಗಲಿಲ್ಲ ಎಂದರೆ ಸುಳ್ಳಾದೀತು. ಆ ಹತ್ತು ನಿಮಿಷದ ಮಾತಿಗೆ ಅವಳು ಇಂಗ್ಲಿಷಿನಲ್ಲಿ ಎಷ್ಟೋ ಬೆಳಗು ಕನ್ನಡಿಯ ಎದುರು ತಯಾರಾಗಿದ್ದಳು.

ಹೊರಡುವ ಮೊದಲು ಒಂದು ಕೆಲಸ ಬಾಕಿಯಿತ್ತು. ಪರವೂರಿನ ಶಾಲೆ ನೋಡುವವರು ಮೊದಲು ತಮ್ಮದಲ್ಲದ ಒಂದು ಶಾಲೆಯಲ್ಲಿ ಇಡೀ ದಿನ ಕೂತು ನೋಡಬೇಕು, ಒಂದೂ ಮಾತಾಡಬಾರದು, ಕಂಡದ್ದನ್ನು ಮಾತ್ರ ಬರೆಯಬೇಕು, ಅಭಿಪ್ರಾಯ ಬರೆಯಬಾರದು ಎಂದು ವಿಲ್ಮಾ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಜುಮಾನಾ ಬೆಂಜಮಿನ್ ಮಾಸ್ಟ್ರ ಶಾಲೆಯನ್ನೇ ಆರಿಸಿದಳು. ಹೊಟ್ಟೆಕಿಚ್ಚು ಇದ್ದರೆ ಅದು ಅಲ್ಲಿಗೇ ಮುಗಿಯಲಿ ಎಂಬ ಯೋಚನೆಯೂ ಇತ್ತು.

ಕಾರ್ಕಳದ ಆ ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತಳು. ಮೊದಲ ಅರ್ಧ ಗಂಟೆಯಲ್ಲೇ ನಾಲ್ಕು ಸಲ ಎದ್ದು ಏನಾದರೂ ಹೇಳಬೇಕು ಅನಿಸಿತು. ಕೈಯನ್ನು ಮಡಿಲಲ್ಲಿ ಒತ್ತಿಟ್ಟುಕೊಂಡಳು. ಆಮೇಲೆ ನಿಧಾನವಾಗಿ ಕಾಣತೊಡಗಿತು. ಕಿಟಕಿಯ ಪಕ್ಕದ ಹುಡುಗಿ ಪ್ರತಿ ಪ್ರಶ್ನೆಗೂ ಉತ್ತರವನ್ನು ತನ್ನ ಗೆಳತಿಯ ಕಿವಿಯಲ್ಲಿ ಹೇಳುತ್ತಾಳೆ, ಗೆಳತಿ ಕೈ ಎತ್ತಿ ಶಹಬ್ಬಾಸ್ ಅನಿಸಿಕೊಳ್ಳುತ್ತಾಳೆ. ಮಾಸ್ಟ್ರು ಪ್ರಶ್ನೆ ಕೇಳಿ ಎರಡು ಎಣಿಸುವಷ್ಟರಲ್ಲಿ ತಾವೇ ಉತ್ತರ ಹೇಳಿಬಿಡುತ್ತಾರೆ. ತಾನೂ ಹಾಗೆಯೇ ಮಾಡುತ್ತೇನೆಂದು ಜುಮಾನಾಗೆ ತಿಳಿದಿತ್ತು. ಅದು ಅಭಿಪ್ರಾಯವಾದ್ದರಿಂದ ಬರೆಯಲಿಲ್ಲ.

ಸಂಜೆ ಬೆಂಜಮಿನ್ ಮಾಸ್ಟ್ರು ಅವಳು ಬರೆದ ಹನ್ನೊಂದು ಪುಟಗಳನ್ನೂ ಬಿಸಿಲು ಇಳಿಯುತ್ತಿದ್ದ ಜಗಲಿಯಲ್ಲಿ ಕೂತು ಓದಿದರು. ಓದುತ್ತಾ ಕಿವಿ ಕೆಂಪಾಯಿತು.

"ನಾನು ಉತ್ತರ ಹೇಳಿಬಿಡ್ತೇನಾ?"

"ಇಪ್ಪತ್ತಾರು ಸಲ."

ಅವರು ಪುಟಗಳನ್ನು ಜೋಡಿಸಿ ಮಡಚಿದರು. "ಮುಂದಿನ ವಾರ ನಾನು ನಿಮ್ಮ ತರಗತಿಗೆ ಬರ್ತೇನೆ ಟೀಚರ್. ನೀವೂ ತಯಾರಾಗಿರಿ."

"ಬನ್ನಿ" ಎಂದಳು ಜುಮಾನಾ, ಇಬ್ಬರೂ ನಕ್ಕರು. ಬರುವಾಗ ಇದ್ದ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ಅವಳು ಹುಡುಕಲು ಹೋಗಲಿಲ್ಲ.

ಮನೆಗೆ ಮರಳುವಾಗ ಪಡುಬಿದ್ರಿಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ನಿಟ್ಟೆಯಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಹತ್ತಿ ಬಸ್ಸು ತುಂಬಿತು. ಅವಳು ವೇಲ್ಸಿನ ಶಾಲೆಯಿಂದ ಬಂದಿದ್ದ ಕಾರ್ಯಕ್ರಮದ ಪಟ್ಟಿಯನ್ನು ಫೋನಿನಲ್ಲಿ ತೆಗೆದು ನೋಡಿದಳು. ಮೊದಲ ದಿನ ಸ್ವಾಗತ, ಮುಖ್ಯೋಪಾಧ್ಯಾಯರ ಮಾದರಿ ಪಾಠ, ಸಿಬ್ಬಂದಿಯೊಂದಿಗೆ ಚಹಾ. ಅವಳು ತನಗೆ ಬರುವ ಇಂಗ್ಲಿಷಿನಲ್ಲಿ, ಯಾರಿಂದಲೂ ತಿದ್ದಿಸಿಕೊಳ್ಳದೆ, ಒಂದು ಪತ್ರ ಬರೆದಳು. ಮೊದಲ ದಿನ ಮಕ್ಕಳು ಊಟ ಮಾಡುವಲ್ಲಿ ಒಂದು ಮೂಲೆಯಲ್ಲಿ ಕೂರಲು ಆಗುತ್ತದೆಯೇ? ಊಟ ಬಡಿಸುವವರ ಹತ್ತಿರ ನಂತರ ಹತ್ತು ನಿಮಿಷ ಮಾತಾಡಬಹುದೇ? ಬೆಳ್ಮಣ್ಣು ದಾಟುವಾಗ ಕಳಿಸಿಬಿಟ್ಟಳು.

ಎರಡು ದಿನ ಬಿಟ್ಟು ಉತ್ತರ ಬಂತು. ಊಟ ಹನ್ನೆರಡಕ್ಕೆ, ಖಂಡಿತ ಕೂರಬಹುದು, ಬಡಿಸುವವರಿಗೆ ಹೇಳಿದ್ದೇವೆ. ಇಲ್ಲಿ ಫೆಬ್ರವರಿಯಲ್ಲಿ ಮಳೆ ಜಾಸ್ತಿ, ಒಳ್ಳೆಯ ಕೋಟು ತನ್ನಿ.

ಆ ಭಾನುವಾರ ಶಮೀರ್ ಅವಳನ್ನು ಉಡುಪಿಗೆ ಕರೆದುಕೊಂಡು ಹೋದ. ಮೂರು ಅಂಗಡಿಗಳಲ್ಲಿ ಜನವರಿಯಲ್ಲಿ ಮಳೆಕೋಟು ಕೇಳುವವರನ್ನು ವಿಚಿತ್ರವಾಗಿ ನೋಡಿದರು. ನಾಲ್ಕನೆಯವನು ಅಟ್ಟಕ್ಕೆ ಏಣಿ ಇಟ್ಟು, ಕಳೆದ ಮಳೆಗಾಲದಲ್ಲಿ ಉಳಿದ ಒಂದನ್ನು ಧೂಳು ಕೊಡವಿ ಕೆಳಗೆ ಹಾಕಿದ. ಕಡು ಹಸಿರು ಬಣ್ಣದ್ದು, ಅವಳಿಗೆ ಸ್ವಲ್ಪ ದೊಡ್ಡದು. ತೋಳು ಮಡಚಿದರೆ ಆಗುತ್ತದೆ ಎಂದು ಅವಳು ಅದನ್ನೇ ತೆಗೆದುಕೊಂಡಳು.